ಗೆಳೆಯರ ಜೊತೆ ಐರ್ಲೆಂಡಿನ ಹಳ್ಳಿದಾರಿ: ಇಬ್ಬರೇ ಕಾರಿನಲ್ಲಿ ಸುತ್ತಿಬರಲು ಸಮಗ್ರ ಮಾರ್ಗದರ್ಶಿ

ಐರ್ಲೆಂಡಿಗೆ ಹೊರಟವರು ತೋರಿಸುವ ಯೋಜನೆಗಳೆಲ್ಲ ಹೆಚ್ಚುಕಡಿಮೆ ಒಂದೇ. ಡಬ್ಲಿನ್‌ನಲ್ಲಿ ಇಳಿದ ಮಧ್ಯಾಹ್ನವೇ ಕಾರು, ಏಳು ದಿನದಲ್ಲಿ ಕಾರ್ಕ್, ಕಿಲಾರ್ನಿ, ರಿಂಗ್ ಆಫ್ ಕೆರಿ, ಡಿಂಗಲ್, ಮೊಹೆರ್ ಕಡಿಬಂಡೆಗಳು, ಗಾಲ್ವೇ, ಕಾನೆಮಾರಾ, ಸಮಯ ಉಳಿದರೆ ಬೆಲ್‌ಫಾಸ್ಟ್. ಇಡೀ ದ್ವೀಪ ಕರ್ನಾಟಕದ ಅರ್ಧದಷ್ಟೂ ಇಲ್ಲವಲ್ಲ, ಇದೇನು ಮಹಾ ಎಂಬ ಧೈರ್ಯ. ಮೂರನೆಯ ದಿನಕ್ಕೆ ಯೋಜನೆ ಕುಸಿಯುತ್ತದೆ, ನಾಲ್ಕನೆಯ ದಿನ ಇಬ್ಬರ ನಡುವೆ ಮಾತು ಕಡಿಮೆಯಾಗುತ್ತದೆ.

ಕಾರಣ ಸರಳ: ಅಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ, ಗಂಟೆಗಳಲ್ಲಿ ಅಳೆಯಬೇಕು. ಮೋಟಾರು ಹೆದ್ದಾರಿ ಬಿಟ್ಟರೆ ಗಂಟೆಗೆ 50 ಕಿಲೋಮೀಟರ್ ಸಾಗಿದರೆ ಅದೇ ಹೆಚ್ಚು. ಆದ್ದರಿಂದ ಇಲ್ಲಿ ಹೇಳುವುದು ಪಶ್ಚಿಮದ ಎರಡೇ ಜಿಲ್ಲೆಗಳ, ಅಂದರೆ ಕ್ಲೇರ್ ಮತ್ತು ಕೆರಿಯ, ಎರಡೇ ತಂಗುದಾಣಗಳ ಏಳು ರಾತ್ರಿಯ ಪ್ರವಾಸ. ಹಂತಗಳ ಅನುಕ್ರಮ ಮುಖ್ಯ. ನಾಲ್ಕನೆಯದನ್ನು ಎರಡನೆಯದಕ್ಕಿಂತ ಮೊದಲು ಮಾಡಿದರೆ ದುಡ್ಡು ಹೋಗುತ್ತದೆ.

## ಹಂತ 1: ವೀಸಾ ಕೈಗೆ ಬಂದ ಮೇಲೆ ಉಳಿದದ್ದು

ಐರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿದೆ, ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶ ಸುತ್ತಬಹುದಾದ ಷೆಂಗೆನ್ ವಲಯದಲ್ಲಿ ಇಲ್ಲ. ಷೆಂಗೆನ್ ವೀಸಾ ಹಿಡಿದು ಡಬ್ಲಿನ್ ವಿಮಾನ ಹತ್ತಲು ಹೋದವರನ್ನು ಚೆಕ್-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ಐರ್ಲೆಂಡಿನ ಅಲ್ಪಾವಧಿ ‘ಸಿ’ ವೀಸಾಗೆ ಆನ್‌ಲೈನ್‌ನಲ್ಲಿ ಅರ್ಜಿ ತುಂಬಿ, ದಾಖಲೆಗಳನ್ನು ವೀಸಾ ಕೇಂದ್ರಕ್ಕೆ ಕೊಡಬೇಕು. ಶುಲ್ಕ ಒಂದು ಪ್ರವೇಶಕ್ಕೆ 60 ಯೂರೊ, ಹಲವು ಪ್ರವೇಶಕ್ಕೆ 100 ಯೂರೊ. ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು; ಎರಡು ತಿಂಗಳಿಗಿಂತ ತಡ ಮಾಡಬೇಡಿ.

ಇಬ್ಬರು ಸ್ನೇಹಿತರು ಹೋಗುವಾಗ ಆಗುವ ಸಾಮಾನ್ಯ ತಪ್ಪು ಬೇರೆಯೇ ಇದೆ. ಒಬ್ಬರ ಪತ್ರದಲ್ಲಿ ಒಂದು ಪ್ರಯಾಣಪಟ್ಟಿ, ಇನ್ನೊಬ್ಬರ ಪತ್ರದಲ್ಲಿ ಮತ್ತೊಂದು. ಅರ್ಜಿ, ಬ್ಯಾಂಕ್ ವಿವರ, ರಜೆಪತ್ರ ಬೇರೆಬೇರೆಯಾಗಿಯೇ ಇರಬೇಕು. ಪ್ರಯಾಣಪಟ್ಟಿ ಮಾತ್ರ ಅಕ್ಷರಶಃ ಒಂದೇ ಆಗಿರಲಿ. ಯಾರು ಯಾವ ಖರ್ಚು ಭರಿಸುತ್ತಾರೆ ಎಂಬುದನ್ನೂ ಬರೆಯಿರಿ.

ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ. ರಸ್ತೆಯಲ್ಲಿ ತಪಾಸಣಾ ಗೇಟು ಕಾಣುವುದಿಲ್ಲ, ವೇಗಮಿತಿಯ ಫಲಕ ಮೈಲಿಗೆ ಬದಲಾಗುತ್ತದೆ ಅಷ್ಟೆ. ಗೇಟಿಲ್ಲ ಎಂದರೆ ಅನುಮತಿ ಬೇಡ ಎಂದಲ್ಲ. ಬ್ರಿಟಿಷ್-ಐರಿಷ್ ವೀಸಾ ಯೋಜನೆಯ ಮುದ್ರೆ ನಿಮ್ಮ ವೀಸಾದ ಮೇಲಿದ್ದರೆ ಎರಡೂ ಕಡೆ ಓಡಾಡಬಹುದು, ಆದರೆ ವೀಸಾ ಕೊಟ್ಟ ದೇಶಕ್ಕೆ ಮೊದಲು ಕಾಲಿಡಬೇಕು. ಮುದ್ರೆ ಇಲ್ಲದಿದ್ದರೆ ಉತ್ತರದ ಆಸೆ ಬಿಡಿ.

## ಹಂತ 2: ದಾರಿಯನ್ನು ಅರ್ಧಕ್ಕೆ ಕತ್ತರಿಸಿ

ಇಬ್ಬರೂ ನೋಡಲೇಬೇಕು ಎನ್ನುವ ಜಾಗಗಳನ್ನು ಬೇರೆಬೇರೆ ಹಾಳೆಯಲ್ಲಿ ಬರೆಯಿರಿ, ಆಮೇಲೆ ಒಟ್ಟಿಗಿಟ್ಟು ನೋಡಿ. ಎರಡರಲ್ಲೂ ಇರುವುದು ಉಳಿಯಲಿ. ಉಳಿದದ್ದರಲ್ಲಿ ಒಬ್ಬೊಬ್ಬರು ಒಂದೊಂದನ್ನು ಉಳಿಸಿಕೊಳ್ಳಲಿ. ಮಿಕ್ಕದ್ದಕ್ಕೆ ಗೀಟು ಎಳೆಯಿರಿ. ಇದನ್ನು ಮನೆಯಲ್ಲೇ ಮಾಡಿಕೊಳ್ಳದಿದ್ದರೆ ಪ್ರತಿ ಅಡ್ಡರಸ್ತೆಯಲ್ಲೂ ಪಂಚಾಯಿತಿ ನಡೆಯುತ್ತದೆ.

ನಾನು ಗೀಟು ಎಳೆಯುವ ಮೊದಲ ಹೆಸರು ರಿಂಗ್ ಆಫ್ ಕೆರಿ. 179 ಕಿಲೋಮೀಟರಿನ ಆ ಸುತ್ತಿನಲ್ಲಿ ಬೇಸಿಗೆಯಲ್ಲಿ ಪ್ರವಾಸಿ ಬಸ್ಸುಗಳ ಹಿಂಭಾಗ ನೋಡುವುದೇ ಹೆಚ್ಚು. ಅದರ ಬದಲು ಡಿಂಗಲ್ ಪರ್ಯಾಯದ್ವೀಪದ ಸ್ಲೇ ಹೆಡ್ ಸುತ್ತು 50 ಕಿಲೋಮೀಟರಿಗೂ ಕಡಿಮೆ. ಕಡಲು, ಬೆಟ್ಟ, ಕಲ್ಲಿನ ಗುಡಿಸಲು, ಕುರಿ, ಎಲ್ಲವೂ ಅಲ್ಲೇ ಇವೆ. ಸಾವಿರ ಮೈಲಿಗಿಂತ ಉದ್ದದ, ಸುಮಾರು 2,500 ಕಿಲೋಮೀಟರಿನ ವೈಲ್ಡ್ ಅಟ್ಲಾಂಟಿಕ್ ವೇ ಎಂಬ ಕರಾವಳಿ ದಾರಿಯನ್ನು ಪೂರ್ತಿ ಮುಗಿಸುವ ಹಟವೂ ಬೇಡ. ನಮ್ಮ ದಾರಿ ಅದರದೇ ಒಂದು ತುಂಡು.

ಕಾಲ: ಮೇ, ಜೂನ್ ಅಥವಾ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಹತ್ತರವರೆಗೆ ಬೆಳಕಿರುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮುನ್ನವೇ ಕತ್ತಲು, ಹಳ್ಳಿಯ ಅನೇಕ ವಸತಿಗಳಿಗೆ ಬೀಗ.

## ಹಂತ 3: ಎರಡು ಊರು, ಎರಡು ಹಾಸಿಗೆ

ರಾತ್ರಿಗಳ ಹಂಚಿಕೆ: ಮೊದಲ ರಾತ್ರಿ ಡಬ್ಲಿನ್ ಅಥವಾ ಲಿಮರಿಕ್, ಮೂರು ರಾತ್ರಿ ಕ್ಲೇರ್‌ನ ಡೂಲಿನ್ ಅಥವಾ ಬ್ಯಾಲಿವಾನ್, ಮೂರು ರಾತ್ರಿ ಡಿಂಗಲ್. ದಿನಕ್ಕೊಂದು ಊರು ಬದಲಿಸಿದರೆ ಪೆಟ್ಟಿಗೆ ಕಟ್ಟುವುದರಲ್ಲೇ ಬೆಳಗು ಕಳೆಯುತ್ತದೆ.

ಕೊಠಡಿ ಕಾಯ್ದಿರಿಸುವಾಗ ‘ಡಬಲ್’ ಒತ್ತಿದರೆ ಸಿಗುವುದು ಒಂದೇ ದೊಡ್ಡ ಹಾಸಿಗೆ. ಎರಡು ಹಾಸಿಗೆ ಬೇಕಾದರೆ ‘ಟ್ವಿನ್’ ಎಂದು ಆರಿಸಿ, ಒಂದು ಸಾಲಿನ ಸಂದೇಶವನ್ನೂ ಕಳಿಸಿ. ಬಿ ಆ್ಯಂಡ್ ಬಿ, ಅಂದರೆ ಹಾಸಿಗೆಯ ಜೊತೆ ಬೆಳಗಿನ ತಿಂಡಿಯನ್ನೂ ಕೊಡುವ ಮನೆಗಳಲ್ಲಿ ಕೊಠಡಿಗಳು ನಾಲ್ಕೈದೇ ಇರುತ್ತವೆ, ಅಲ್ಲಿ ಹೋಗಿ ಬದಲಿಸಿ ಕೊಡಿ ಎಂದರೆ ಕೊಡಲು ಇರುವುದಿಲ್ಲ. ತಲುಪುವ ಸಮಯವನ್ನೂ ತಿಳಿಸಿ. ಮನೆಯವರು ಬಾಗಿಲು ತೆರೆಯಲು ಕಾದು ಕುಳಿತಿರುತ್ತಾರೆ, ಹೋಟೆಲಿನಂತೆ ರಾತ್ರಿ ಪಾಳಿ ಇರುವುದಿಲ್ಲ.

## ಹಂತ 4: ಕಾರು ಕಾಯ್ದಿರಿಸುವುದು

ಡಬ್ಲಿನ್‌ನಲ್ಲಿ ಕಾರು ತೆಗೆದುಕೊಳ್ಳಬೇಡಿ. ರಾತ್ರಿಯಿಡೀ ವಿಮಾನದಲ್ಲಿ ನಿದ್ದೆಗೆಟ್ಟು ಬಂದವರು ಎಂ50 ವರ್ತುಲ ರಸ್ತೆಗೆ ಇಳಿಯುವುದು ಮೊದಲ ಅಪಾಯ. ಆ ರಸ್ತೆಯ ಸುಂಕಕ್ಕೆ ಗೇಟೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಮರುದಿನ ರಾತ್ರಿ ಎಂಟರೊಳಗೆ ಆನ್‌ಲೈನ್‌ನಲ್ಲೋ ಅಂಗಡಿಯಲ್ಲೋ ಕಟ್ಟದಿದ್ದರೆ ದಂಡ. ಗೇಟು ಕಾಣಲಿಲ್ಲವೆಂದು ಸುಮ್ಮನಿದ್ದವರಿಗೆ ಊರಿಗೆ ಮರಳಿದ ಮೇಲೆ ಕಾರ್ಡಿನಿಂದ ಹಣ ಕಡಿತವಾದಾಗಲೇ ಗೊತ್ತಾಗುವುದು.

ಬದಲಿಗೆ ಡಬ್ಲಿನ್‌ನಿಂದ ರೈಲು ಅಥವಾ ಬಸ್ಸಿನಲ್ಲಿ ಲಿಮರಿಕ್ಕಿಗೆ ಬನ್ನಿ, ಅಲ್ಲಿಂದ ಬಸ್ಸಿನಲ್ಲಿ ಶ್ಯಾನನ್ ವಿಮಾನ ನಿಲ್ದಾಣ. ಚಿಕ್ಕ ನಿಲ್ದಾಣ, ಸುತ್ತ ಖಾಲಿ ರಸ್ತೆ. ಅಲ್ಲೇ ಕಾರು ಪಡೆದು ಅಲ್ಲೇ ಒಪ್ಪಿಸಿದರೆ ಬೇರೆ ಊರಿನಲ್ಲಿ ಬಿಡುವ ಹೆಚ್ಚುವರಿ ಶುಲ್ಕವೂ ಇಲ್ಲ.

ಬೇಕಾಗುವ ದಾಖಲೆಗಳು: ಮೂಲ ಚಾಲನಾ ಪರವಾನಗಿ ಕಾರ್ಡ್, ಆರ್‌ಟಿಒ ಕಚೇರಿಯ ಅಂತರರಾಷ್ಟ್ರೀಯ ಚಾಲನಾ ಪರವಾನಗಿ, ಚಾಲಕರದೇ ಹೆಸರಿನ ಕ್ರೆಡಿಟ್ ಕಾರ್ಡ್. ಡಿಜಿಲಾಕರ್ ಪ್ರತಿ ನಮ್ಮ ಪೊಲೀಸರಿಗೆ ಸಾಕು, ಬಾಡಿಗೆ ಕೌಂಟರಿನಲ್ಲಿ ನಡೆಯುವುದಿಲ್ಲ. ಡೆಬಿಟ್ ಕಾರ್ಡನ್ನು ಠೇವಣಿಗೆ ಬಹುತೇಕ ಒಪ್ಪುವುದಿಲ್ಲ. ಕ್ರೆಡಿಟ್ ಕಾರ್ಡಿನ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಹೊರಡುವ ಮುನ್ನವೇ ತೆರೆದಿಡಿ. ಕೌಂಟರಿನ ಮುಂದೆ ನಿಂತು ಭಾರತದ ನಂಬರಿಗೆ ಬರುವ ಒಟಿಪಿಗಾಗಿ ಕಾಯುವ ಪಾಡು ಯಾರಿಗೂ ಬೇಡ.

ಪ್ರವಾಸಿಗರು ಭಾರತದ ಪರವಾನಗಿಯಲ್ಲಿ ಕಾರು ಓಡಿಸಬಹುದು. ಐರ್ಲೆಂಡಿನಲ್ಲೇ ಕೆಲಸಕ್ಕೆ ನೆಲೆಸಿರುವ ಕನ್ನಡಿಗ ಗೆಳೆಯರ ಲೆಕ್ಕ ಬೇರೆ: ಭಾರತದ ಕಾರ್ಡನ್ನು ಅಲ್ಲಿನ ಪರವಾನಗಿಗೆ ನೇರವಾಗಿ ಬದಲಾಯಿಸಿಕೊಳ್ಳಲು ಬರುವುದಿಲ್ಲ. ‘ನನ್ನ ಹತ್ತಿರ ಊರಿನ ಡಿಎಲ್ ಇದೆ’ ಎಂದು ಅವರು ಹೇಳಿದರೆ, ಐರಿಷ್ ಪರವಾನಗಿ ಇದೆಯೇ ಎಂದು ಕೇಳಿ.

ಇಬ್ಬರೂ ಓಡಿಸುವುದಾದರೆ ಎರಡನೆಯ ಚಾಲಕರ ಹೆಸರು ಒಪ್ಪಂದದಲ್ಲಿ ಇರಲೇಬೇಕು. ಹತ್ತು ನಿಮಿಷ ಮಾತ್ರ ತಾನೇ ಎಂದು ಸೀಟು ಬದಲಿಸಿ ಕಾರು ತಾಗಿಸಿದರೆ ವಿಮೆ ಕೈಬಿಡುತ್ತದೆ. ವಾಹನ ಆದಷ್ಟು ಚಿಕ್ಕದಿರಲಿ. ಪೆಟ್ಟಿಗೆಗಳು ಹಿಡಿಸಲಿ ಎಂದು ದೊಡ್ಡ ಕಾರು ಆರಿಸುವವರು ಏಳನೆಯ ಹಂತವನ್ನು ಮೊದಲು ಓದಿ. ಗೇರಿನ ಕಾರು ಅಗ್ಗ; ಸ್ಟಿಯರಿಂಗ್ ಬಲಕ್ಕೆ, ಗೇರು ಎಡಗೈಗೆ, ಸಂಚಾರ ಎಡಬದಿಯಲ್ಲಿ, ಎಲ್ಲ ನಮ್ಮಂತೆಯೇ.

## ಹಂತ 5: ಚೀಲದಲ್ಲಿ ಏನಿರಬೇಕು

ಛತ್ರಿ ಮನೆಯಲ್ಲೇ ಬಿಡಿ. ಮಲೆನಾಡಿನ ಜಡಿಮಳೆ ನೇರವಾಗಿ ಬೀಳುತ್ತದೆ. ಅಟ್ಲಾಂಟಿಕ್ ದಂಡೆಯ ಮಳೆ ಗಾಳಿಯೊಡನೆ ಅಡ್ಡಡ್ಡ ಬರುತ್ತದೆ, ಛತ್ರಿ ಮಗುಚಿ ಕಡ್ಡಿ ಮುರಿಯುತ್ತದೆ. ಟೋಪಿಯಿರುವ ಜಲನಿರೋಧಕ ಜಾಕೆಟ್, ಅದೇ ಬಗೆಯ ಪ್ಯಾಂಟ್, ಹಿಡಿತವಿರುವ ಬೂಟು, ಹೆಚ್ಚುವರಿ ಕಾಲುಚೀಲ. ಜೀನ್ಸ್ ಒಮ್ಮೆ ನೆನೆದರೆ ಸಂಜೆಯವರೆಗೆ ಒಣಗುವುದಿಲ್ಲ.

ಪ್ಲಗ್ಗು ಬ್ರಿಟನ್ನಿನ ಚಪ್ಪಟೆ ಮೂರು ಕಡ್ಡಿಯದು, ನಮ್ಮ ದುಂಡು ಕಡ್ಡಿಗೆ ಅಡಾಪ್ಟರ್ ಬೇಕು. ಮೊಬೈಲ್ ನಕಾಶೆಯನ್ನು ವೈಫೈ ಇರುವಲ್ಲಿ ಇಳಿಸಿಕೊಳ್ಳಿ; ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ ಕೈಕೊಡುತ್ತದೆ.

## ಹಂತ 6: ಕೌಂಟರಿನಲ್ಲಿ ಅರ್ಧ ಗಂಟೆ

ಇಲ್ಲಿ ಅವಸರ ಮಾಡಿದವರೇ ಕೊನೆಯ ದಿನ ಜಗಳ ಆಡುವುದು. ಒಬ್ಬರು ಕಾಗದ ಓದಲಿ, ಇನ್ನೊಬ್ಬರು ಕಾರಿನ ಸುತ್ತ ವಿಡಿಯೊ ತೆಗೆಯಲಿ. ನಾಲ್ಕೂ ಚಕ್ರದ ಅಂಚು, ಎರಡೂ ಪಕ್ಕದ ಕನ್ನಡಿ, ಮುಂದಿನ ಗಾಜು, ಇಂಧನದ ಮುಳ್ಳು, ಓಡಿದ ಕಿಲೋಮೀಟರ್. ಹಳೆಯ ಗೀರುಗಳನ್ನು ಅವರ ಹಾಳೆಯಲ್ಲೂ ಗುರುತು ಮಾಡಿಸಿ.

ಮೂಲ ವಿಮೆಯಲ್ಲಿ ಹಾನಿಯ ಒಂದು ದೊಡ್ಡ ಪಾಲು ನಿಮ್ಮದೇ. ಜೊತೆಗೆ ಟೈರು, ಗಾಜು, ಪಕ್ಕದ ಕನ್ನಡಿಗಳನ್ನು ಹಲವು ಒಪ್ಪಂದಗಳು ಹೊರಗಿಡುತ್ತವೆ. ಹಳ್ಳಿದಾರಿಯಲ್ಲಿ ಮೊದಲು ಪೆಟ್ಟು ತಿನ್ನುವುದೂ ಆ ಮೂರೇ. ಹೀಗಾಗಿ ‘ಪೂರ್ಣ ವಿಮೆ’ ಎಂಬ ಮಾತನ್ನು ನಂಬದೆ, ಈ ಮೂರೂ ಸೇರಿವೆಯೇ ಎಂದು ಒಂದೊಂದಾಗಿ ಕೇಳಿ. ಹೊರಗಿನ ಕಂಪನಿಯಿಂದ ಅಗ್ಗದ ವಿಮೆ ಕೊಂಡಿದ್ದರೂ ಕೌಂಟರಿನವರು ಪೂರ್ತಿ ಠೇವಣಿ ಹಿಡಿದಿಡುತ್ತಾರೆ. ಕಾರ್ಡಿನ ಮಿತಿ ಅಷ್ಟಿರಬೇಕು.

ಕಾರು ಪೆಟ್ರೋಲೋ ಡೀಸೆಲೋ ಎಂದು ಕೇಳಿ ಇಬ್ಬರೂ ನೆನಪಿಟ್ಟುಕೊಳ್ಳಿ. ಬಂಕಿನಲ್ಲಿ ನೀವೇ ತುಂಬಿಸಿಕೊಳ್ಳಬೇಕು: ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಹಿಡಿಕೆ ಡೀಸೆಲ್. ತಪ್ಪು ತುಂಬಿಸಿದ್ದು ತಿಳಿದರೆ ಕೀಲಿ ತಿರುಗಿಸದೆ ಕಂಪನಿಗೆ ಫೋನ್ ಮಾಡಿ.

## ಹಂತ 7: ಹಳ್ಳಿದಾರಿಯಲ್ಲಿ ಓಡಿಸುವುದು

ಎಂ ಅಂದರೆ ಮೋಟಾರು ಹೆದ್ದಾರಿ, 120 ಕಿಲೋಮೀಟರ್ ಮಿತಿ, ಎಂಬ ಒಂದೇ ನೆನಪು ಸಾಲದು. ಫಲಕದ ಅಕ್ಷರ ನೋಡಿ. ಎಂ ರಸ್ತೆಗೆ 120, ಎನ್ ಅಂದರೆ ರಾಷ್ಟ್ರೀಯ ರಸ್ತೆಗೆ ಸಾಮಾನ್ಯವಾಗಿ 100, ಆರ್ ಅಂದರೆ ಪ್ರಾದೇಶಿಕ ರಸ್ತೆಗೆ 80, ಎಲ್ ಅಂದರೆ ಸ್ಥಳೀಯ ರಸ್ತೆಗೆ 60. ಈ ಕೊನೆಯದು ಮೊದಲು 80 ಇತ್ತು, 2025ರ ಫೆಬ್ರವರಿಯಲ್ಲಿ ಇಳಿಸಿದರು. ಅರವತ್ತು ಎಂಬುದು ಮಿತಿಯೇ ಹೊರತು ಗುರಿಯಲ್ಲ. ಎಷ್ಟೋ ತಿರುವುಗಳಲ್ಲಿ ಮೂವತ್ತೂ ಹೆಚ್ಚು.

ಮೊಬೈಲ್ ನಕಾಶೆ ಎರಡು ನಿಮಿಷ ಉಳಿಸಲು ನಿಮ್ಮನ್ನು ಎಲ್ ರಸ್ತೆಗೆ ತಳ್ಳುತ್ತದೆ. ಪಕ್ಕದ ಸೀಟಿನವರ ಮೊದಲ ಕೆಲಸ ಅದನ್ನು ತಡೆಯುವುದು: ಎನ್ ಅಥವಾ ಆರ್ ರಸ್ತೆ ಇರುವಾಗ ಎಲ್ ಬೇಡ. ನಕಾಶೆ ಒಂದು ಗಂಟೆ ಎಂದರೆ ಒಂದೂವರೆ ಎಂದು ಬರೆದುಕೊಳ್ಳಿ.

ನಮ್ಮವರು ಎಡಬದಿಯ ಸಂಚಾರ ಗೊತ್ತೆಂದು ನಿಶ್ಚಿಂತೆಯಿಂದ ಇರುತ್ತಾರೆ. ಅಪಾಯ ಇರುವುದು ಎಡಬದಿಯ ಒಳಗೇ. ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಎಡಕ್ಕಿರುವುದು ಹಸಿರು ಪೊದೆ, ತಾಗಿದರೂ ಏನಾಗದು ಎನಿಸುತ್ತದೆ. ಆ ಪೊದೆಯೊಳಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ ಇರುತ್ತದೆ, ಗೋಡೆಯ ಬುಡದಲ್ಲಿ ಹುಲ್ಲು ಮುಚ್ಚಿದ ಚರಂಡಿ. ಮೊದಲು ಕನ್ನಡಿ ಬಡಿಯುತ್ತದೆ, ಆಮೇಲೆ ಟೈರಿನ ಪಕ್ಕ ಸೀಳುತ್ತದೆ. ಎಡಗಡೆ ಕೂತವರು ‘ಇನ್ನೊಂದು ಗೇಣು ಇದೆ’, ‘ಸಾಕು’ ಎಂದು ಬಾಯಿಬಿಟ್ಟು ಹೇಳುತ್ತಿರಬೇಕು. ಸುಮ್ಮನೆ ಸೀಟು ಗಟ್ಟಿಯಾಗಿ ಹಿಡಿದುಕೊಂಡರೆ ಪ್ರಯೋಜನವಿಲ್ಲ.

ಬೋರೀನ್ ಎಂದು ಕರೆಯುವ ಒಂದೇ ಕಾರಿನಗಲದ ದಾರಿಯಲ್ಲಿ ನಡುವೆ ಹುಲ್ಲು ಬೆಳೆದಿರುತ್ತದೆ. ಎದುರು ಕಾರು ಬಂದರೆ ಹೀಗೆ ಮಾಡಿ: ಪೂರ್ತಿ ನಿಲ್ಲಿಸಿ. ಅಗಲವಾದ ಜಾಗ, ಅಂದರೆ ಹೊಲದ ಗೇಟು ಅಥವಾ ಮನೆಯ ಬಾಯಿ, ಯಾರಿಗೆ ಹತ್ತಿರವೋ ಅವರು ಹಿಂದೆ ಸರಿಯಬೇಕು. ನೀವೇ ಆದರೆ ಜೊತೆಗಾರರು ಇಳಿದು ಹಿಂದೆ ನಿಂತು ದಾರಿ ತೋರಲಿ. ಹಾರ್ನ್ ಒತ್ತಬೇಡಿ, ಅಲ್ಲಿ ಅದು ಬೈಗುಳಕ್ಕೆ ಸಮ. ದಾಟುವಾಗ ಎದುರಿನವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ, ನೀವೂ ಎತ್ತಿ.

ಹಿಂದೆ ಎರಡು ಮೂರು ಕಾರು ಸೇರಿಕೊಂಡರೆ ಗೇಟಿನ ಬಳಿ ಎಡಕ್ಕೆ ಸರಿದು ದಾರಿ ಬಿಡಿ. ಅವರಿಗೆ ಆ ತಿರುವುಗಳು ಬಾಯಿಪಾಠ, ಅವರ ವೇಗಕ್ಕೆ ನೀವು ಹೊಂದಿಕೊಳ್ಳಬೇಕಿಲ್ಲ. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಸಂದು ಸಿಕ್ಕಲ್ಲಿ ನುಗ್ಗುವ ನಮ್ಮೂರಿನ ಅಭ್ಯಾಸಕ್ಕೆ ಅಲ್ಲಿ ಬೆಲೆ ತೆರಬೇಕಾಗುತ್ತದೆ.

## ಹಂತ 8: ಕ್ಲೇರ್‌ನ ಮೂರು ದಿನ

ಶ್ಯಾನನ್‌ನಿಂದ ಎನಿಸ್ ಪಟ್ಟಣದವರೆಗೆ ಒಳ್ಳೆಯ ಹೆದ್ದಾರಿ, ಕೈ ಪಳಗಲು ಇದೇ ಸರಿಯಾದ ಜಾಗ. ಎನಿಸ್‌ನಲ್ಲಿ ದಿನಸಿ ಕೊಂಡು ಡೂಲಿನ್ ಸೇರಿ. ಮೊದಲ ದಿನ ಅಷ್ಟೇ.

ಎರಡನೆಯ ದಿನ ಬರೆನ್. ಬೂದು ಸುಣ್ಣಕಲ್ಲಿನ ಹಾಸು ಗುಡ್ಡಗಟ್ಟಲೆ ಹರಡಿದೆ, ಬಿರುಕುಗಳಲ್ಲಿ ಮೇ ತಿಂಗಳಿನಲ್ಲಿ ನೀಲಿ ಜೆನ್ಷಿಯನ್ ಹೂ. ಆರ್480 ರಸ್ತೆಯ ಪೌಲ್ನಬ್ರೋನ್ ಶಿಲಾಸಮಾಧಿಯ ಬಳಿ ಇಳಿದು ನಡೆಯುವಾಗ ಕಣ್ಣು ನೆಲದ ಮೇಲಿರಲಿ. ಮೊಣಕಾಲಿನಷ್ಟು ಆಳದ ಬಿರುಕುಗಳಿವೆ, ಮಳೆ ಬಿದ್ದರೆ ಕಲ್ಲು ಜಾರುತ್ತದೆ. ಫೋಟೊ ತೆಗೆಯುತ್ತ ಹಿಂದಕ್ಕೆ ಹೆಜ್ಜೆ ಇಡಬೇಡಿ. ಸಡಿಲ ಕಲ್ಲುಗಳನ್ನು ಗೋಪುರದಂತೆ ಪೇರಿಸಿ ಬರುವ ಚಟವೂ ಬೇಡ.

ಮೊಹೆರ್ ಕಡಿಬಂಡೆಗಳಿಗೆ ಡಬ್ಲಿನ್‌ನಿಂದ ಬರುವ ಬಸ್ಸುಗಳು ನಡುಹಗಲಿಗೆ ಸೇರುತ್ತವೆ. ನೀವು ಹತ್ತಿರದಲ್ಲೇ ತಂಗಿರುವುದರ ಲಾಭ ಇದೇ: ಸಂಜೆ ಹೋಗಿ. ಬಂಡೆಗಳು ಪಡುವಣಕ್ಕೆ ಮುಖಮಾಡಿವೆ, ಬೆಳಕು ಆಗಲೇ ಅವುಗಳ ಮೇಲೆ ಬೀಳುವುದು. ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಸಮಯ ಆರಿಸಿ ಕೊಂಡರೆ ಅಗ್ಗ. ಅತಿ ಎತ್ತರದ ಜಾಗ 214 ಮೀಟರ್. ಕಲ್ಲುಚಪ್ಪಡಿಯ ತಡೆಯಿಂದಾಚೆಗಿನ ಹುಲ್ಲಂಚು ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಟೊಳ್ಳಾಗಿರಬಹುದು, ಗಾಳಿ ಹಠಾತ್ತನೆ ತಳ್ಳುತ್ತದೆ. ಕಾಲುದಾರಿಯ ಕೆಲವು ಭಾಗಗಳನ್ನು ಮುಚ್ಚಿರುವುದುಂಟು. ಮುಚ್ಚಿದ ಗೇಟು ಹಾರಿದವರನ್ನು ಹಿಂಬಾಲಿಸಬೇಡಿ.

ಮೂರನೆಯ ದಿನ ಕಾರು ನಿಲ್ಲಿಸಿ ಡೂಲಿನ್ ಬಂದರಿನಿಂದ ಇನಿಶೀರ್ ದ್ವೀಪಕ್ಕೆ ದೋಣಿ ಹಿಡಿಯಿರಿ, ಸುಮಾರು ಅರ್ಧ ಗಂಟೆಯ ದಾರಿ. ಕಡಲು ಕೆರಳಿದರೆ ದೋಣಿ ರದ್ದಾಗುತ್ತದೆ. ಆದ್ದರಿಂದ ಎರಡು ಮತ್ತು ಮೂರನೆಯ ದಿನಗಳನ್ನು ಅದಲುಬದಲು ಮಾಡಲು ಬರುವಂತೆ ಇಟ್ಟುಕೊಳ್ಳಿ.

## ಹಂತ 9: ನದಿ ದಾಟಿ ಡಿಂಗಲ್

ಕ್ಲೇರ್‌ನಿಂದ ಕೆರಿಗೆ ಲಿಮರಿಕ್ ಬಳಸಿ ಹೋಗಬೇಡಿ. ಕಿಲ್ಲಿಮರ್‌ನಿಂದ ಟಾರ್ಬರ್ಟ್‌ಗೆ ಶ್ಯಾನನ್ ನದಿಯ ಅಳಿವೆ ದಾಟಿಸುವ ಕಾರಿನ ದೋಣಿ ಇದೆ. ಇಪ್ಪತ್ತು ನಿಮಿಷದಲ್ಲಿ ಆಚೆ ದಡ, ಉಳಿಯುವುದು 137 ಕಿಲೋಮೀಟರ್. ಗಂಟೆಗೊಮ್ಮೆ ಹೊರಡುತ್ತದೆ, ಸಾಲಿನಲ್ಲಿ ನಿಂತರೆ ಸಾಕು. ಅಲ್ಲಿಂದ ಟ್ರಲೀ ಮೂಲಕ ಡಿಂಗಲ್.

ಸ್ಲೇ ಹೆಡ್ ಸುತ್ತನ್ನು ಡಿಂಗಲ್‌ನಿಂದ ಪಶ್ಚಿಮಕ್ಕೆ, ಗಡಿಯಾರದ ಮುಳ್ಳಿನಂತೆ ಹೋಗಿ. ಬಸ್ಸುಗಳೂ ಹಾಗೇ ಹೋಗುತ್ತವೆ. ಎದುರು ದಿಕ್ಕಿನಲ್ಲಿ ಹೊರಟರೆ ಕಡಲಂಚಿನ ಇಕ್ಕಟ್ಟಿನಲ್ಲಿ ಬಸ್ಸಿಗೆ ಮುಖಾಮುಖಿಯಾಗಿ ಹಿಂದಕ್ಕೆ ಸರಿಯಬೇಕಾದೀತು. ಬೆಳಿಗ್ಗೆ ಒಂಬತ್ತಕ್ಕೆ ಹೊರಡಿ. ಡನ್‌ಕ್ವಿನ್ ಹಡಗುಕಟ್ಟೆಗೆ ಇಳಿಯುವ ಅಂಕುಡೊಂಕು ಹಾದಿ ಫೋಟೊಗಳಲ್ಲಿ ಚೆಂದ, ಆದರೆ ಅದು ನಡೆಯುವವರಿಗೆ. ಕಾರು ಇಳಿಸಿದರೆ ತಿರುಗಿಸಲು ಜಾಗವಿಲ್ಲ. ಗ್ಯಾಲರಸ್‌ನ ಗಾರೆಯಿಲ್ಲದ ಕಲ್ಲುಗುಡಿ ಕೊನೆಯಲ್ಲಿ ಬರುತ್ತದೆ, ಅದಕ್ಕೆ ಸಮಯ ಉಳಿಸಿಕೊಳ್ಳಿ.

ಕಾನರ್ ಪಾಸ್ ಘಾಟಿಯನ್ನು ಡಿಂಗಲ್ ಕಡೆಯಿಂದ ನೆತ್ತಿಯ ನೋಟದ ಜಾಗದವರೆಗೆ ಹತ್ತಿ ಹಿಂತಿರುಗಿ. ಆಚೆ ಬದಿಯಲ್ಲಿ ಬಂಡೆಗೂ ಕಣಿವೆಗೂ ನಡುವೆ ಒಂದೇ ಕಾರಿನ ದಾರಿ, ಎರಡು ಟನ್ ಮೀರಿದ ವಾಹನಕ್ಕೆ ನಿಷೇಧ. ಮೋಡ ಕವಿದಿದ್ದರೆ ಹತ್ತುವುದೇ ಬೇಡ, ಕಾಣುವುದು ಬಿಳಿ ಮಾತ್ರ.

ಈ ಭಾಗ ಐರಿಷ್ ಮಾತಿನ ಪ್ರದೇಶ. ಊರಿನ ಫಲಕಗಳಲ್ಲಿ ಇಂಗ್ಲಿಷ್ ಇಲ್ಲದಿರಬಹುದು. ಡಿಂಗಲ್‌ಗೆ ‘ಆನ್ ಡ್ಯಾಂಗನ್’ ಎಂದೋ ‘ಡ್ಯಾಂಗನ್ ಈ ಖೂಶ್’ ಎಂದೋ ಇರುತ್ತದೆ. ಶೌಚಾಲಯದ ಬಾಗಿಲಲ್ಲಿ ಎಂ ಅಕ್ಷರದಿಂದ ಆರಂಭವಾಗುವ ‘ಮ್ನಾ’ ಮಹಿಳೆಯರದು, ಎಫ್‌ನಿಂದ ಆರಂಭವಾಗುವ ‘ಫಿರ್’ ಪುರುಷರದು. ಅಕ್ಷರ ನೋಡಿ ಊಹಿಸಿ ಒಳನುಗ್ಗುವವರಿಗೆ ಕೊರತೆಯಿಲ್ಲ.

## ಹಂತ 10: ಊಟ, ಪಬ್ಬು

ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ರಾತ್ರಿ ಎಂಟೂವರೆ, ಒಂಬತ್ತಕ್ಕೆ ಮುಚ್ಚುತ್ತದೆ. ಹೊರಗೆ ಬೆಳಕಿದೆ ಎಂದು ಸುತ್ತುತ್ತಿದ್ದರೆ ರಾತ್ರಿ ಬಿಸ್ಕತ್ತೇ ಗತಿ. ಸಸ್ಯಾಹಾರಿಗಳು ತರಕಾರಿ ಸೂಪು ಮತ್ತು ಸೋಡಾ ಬ್ರೆಡ್ ನಂಬಬಹುದು, ಆದರೆ ಸೂಪಿಗೆ ಕೋಳಿ ಸಾರು ಬೆರೆಸಿದ್ದಾರೆಯೇ ಎಂದು ಕೇಳಿ. ‘ಮೀನೂ ಬೇಡ’ ಎಂದು ಬಿಡಿಸಿ ಹೇಳಿ. ಬೆಳಗಿನ ತಟ್ಟೆಯಲ್ಲಿರುವ ಬ್ಲ್ಯಾಕ್ ಪುಡಿಂಗ್ ಸಿಹಿಯಲ್ಲ, ಹಂದಿಯ ರಕ್ತದ್ದು.

ಡೂಲಿನ್, ಡಿಂಗಲ್‌ಗಳಲ್ಲಿ ಸಂಗೀತ ಒಂಬತ್ತರ ಮೇಲೆ ಶುರು. ಮೂಲೆಯ ಮೇಜು ವಾದ್ಯದವರದು, ಖಾಲಿ ಇದೆಯೆಂದು ಕೂರಬೇಡಿ. ಮದ್ಯದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ಓಡಿಸುವವರು ಅದನ್ನು ಸೊನ್ನೆ ಎಂದೇ ಓದಿಕೊಳ್ಳಲಿ. ಇಬ್ಬರಿಗೂ ಕುಡಿಯುವ ಮನಸ್ಸಿದ್ದರೆ ನಡೆದು ಹೋಗುವಷ್ಟು ಹತ್ತಿರ ವಸತಿ ಹಿಡಿಯಿರಿ.

## ಹಂತ 11: ಯಾವಾಗ ನಿಲ್ಲಿಸಬೇಕು

ಪ್ರತಿ ಬೆಳಿಗ್ಗೆ ಹವಾಮಾನ ಇಲಾಖೆ ‘ಮೆಟ್ ಏರನ್’ನ ಎಚ್ಚರಿಕೆ ನೋಡಿ. ಹಳದಿ ಇದ್ದರೆ ಜಾಗ್ರತೆ, ಕಿತ್ತಳೆ ಇದ್ದರೆ ಕಡಲಂಚು ಮತ್ತು ಘಾಟಿ ಬಿಡಿ, ಕೆಂಪು ಇದ್ದರೆ ಹೊರಗೆ ಹೋಗಲೇಬೇಡಿ. ತುರ್ತಿಗೆ 112 ಅಥವಾ 999.

ಎರಡು ದಿನ ಸತತವಾಗಿ ಹೇಳಿದ ಹೊತ್ತಿಗಿಂತ ತಡವಾಗಿ ವಸತಿ ತಲುಪಿದರೆ ಯೋಜನೆ ಬಿಗಿಯಾಯಿತು ಎಂದರ್ಥ. ಮರುದಿನದ ಒಂದು ಜಾಗ ಕೈಬಿಡಿ. ಓಡಿಸುವವರು ತಿರುವುಗಳಲ್ಲಿ ತಡವಾಗಿ ಬ್ರೇಕ್ ಒತ್ತುತ್ತಿದ್ದರೆ ಅದು ದಣಿವು. ಪಕ್ಕದವರು ಹೇಳಲು ಸಂಕೋಚಪಡುವುದೇ ಹೆಚ್ಚು, ಹೀಗಾಗಿ ‘ಚಹಾ ಕುಡಿಯೋಣ’ ಎಂದರೆ ಮರುಮಾತಿಲ್ಲದೆ ನಿಲ್ಲಿಸಬೇಕೆಂದು ಮೊದಲೇ ಒಪ್ಪಿಕೊಳ್ಳಿ. ಹೊಲಗಳು ಖಾಸಗಿ ಸ್ವತ್ತು. ದಾರಿಯ ಗುರುತಿಲ್ಲದಿದ್ದರೆ ಒಳಹೋಗಬೇಡಿ, ಗೇಟು ಇದ್ದ ಸ್ಥಿತಿಯಲ್ಲೇ ಬಿಡಿ. ಜರಿಗಿಡಗಳ ನಡುವೆ ನಡೆದು ಬಂದ ಸಂಜೆ ಕಾಲುಗಳಲ್ಲಿ ಉಣ್ಣೆಹುಳ ಕಚ್ಚಿದೆಯೇ ನೋಡಿಕೊಳ್ಳಿ, ಲೈಮ್ ರೋಗ ಹರಡುವುದು ಅದರಿಂದ.

## ಹಂತ 12: ಕಾರು ಒಪ್ಪಿಸುವುದು

ಡಿಂಗಲ್‌ನಿಂದ ಶ್ಯಾನನ್‌ಗೆ ಎರಡೂವರೆ ಗಂಟೆ ಎಂದು ನಕಾಶೆ ಹೇಳಿದರೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಲಿಮರಿಕ್ ನದಿಸುರಂಗಕ್ಕೆ ಸುಂಕವಿದೆ. ನಿಲ್ದಾಣಕ್ಕೆ ಮುನ್ನ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ಒಪ್ಪಿಸುವಾಗ ಮತ್ತೆ ವಿಡಿಯೊ, ಮತ್ತೆ ಇಂಧನದ ಮುಳ್ಳು. ಸಿಬ್ಬಂದಿ ನೋಡಿ ಸರಿಯಿದೆ ಎಂದದ್ದನ್ನು ಕಾಗದದಲ್ಲಿ ಪಡೆಯಿರಿ. ಕೀಲಿಯನ್ನು ಪೆಟ್ಟಿಗೆಗೆ ಹಾಕಿ ಹೋಗಿ ಎಂದರೆ ಹಾಕುವ ಮೊದಲು ಆ ವಿಡಿಯೊ ಇನ್ನೊಬ್ಬರ ಮೊಬೈಲಿಗೂ ಹೋಗಿರಲಿ. ಠೇವಣಿ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಒಪ್ಪಂದ, ರಸೀದಿ, ವಿಡಿಯೊ ಯಾವುದನ್ನೂ ಅಳಿಸಬೇಡಿ.